ಗಂಡು ಸಾಲಿನ ಬೇಲಿ

ಮಧ್ಯಾಹ್ನದ ಬಿಸಿಲಲ್ಲಿ ನಿರ್ಮಲಮ್ಮ ಬದುವಿನ ಮೇಲೆ ನಿಂತು ಬುಟ್ಟಿ ಬಗ್ಗಿಸಿದಳು. ಹತ್ತಿಯ ಗಂಡು ಸಾಲಿನ ಹೂಗಳು ಜಾಲಿಮುಳ್ಳಿನ ಬೇಲಿಯ ಆಚೆ ಹಾಸಿದ್ದ ಹಳೇ ಸೀರೆಯ ಮೇಲೆ ಸುರಿದವು. ಓಬವ್ವ ಮತ್ತು ಅವಳ ಗುಂಪಿನ ಹೆಂಗಸರು ದೂರದಲ್ಲೇ ನಿಂತಿದ್ದರು. ಬುಟ್ಟಿ ಹಿಂದಕ್ಕೆ ಸರಿದ ಮೇಲೆ ಬಂದು, ಸೀರೆಯ ಚುಂಗು ಕೂಡಿಸಿ ಎತ್ತಿಕೊಂಡು ಹೋಗಬೇಕು. ಅವಳ ಗಂಡ ಷಣ್ಮುಖಪ್ಪನ ಹೊಲದಲ್ಲಿ ಅದೇ ರೀತಿ.

ಓಬವ್ವ ಒಂದು ಹೂವನ್ನೆತ್ತಿ ಬೆರಳ ಮೇಲೆ ಕೊಡವಿ ನೋಡಿದಳು, ಹಳದಿ ಪುಡಿ ಹತ್ತಲಿಲ್ಲ. "ಮದುವಿ ಮುಗದು, ಬೀಗರೆಲ್ಲ ಎಲಡಿಕೆ ಹಾಕ್ಕೊಂಡು ಬಸ್ ಹತ್ತಿದ ಮ್ಯಾಲೆ ಮದುಮಗ ಬಂದಂಗಾತು ನೋಡ್ರಿ ಅಮ್ಮಾರೆ" ಅಂದಳು.

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಿರ್ಮಲಮ್ಮನಿಗೂ ನಗು ಬಂತು. ನಗುವಿನ ಬೆನ್ನಿಗೇ ಸಿಟ್ಟೂ ಬಂತು. ಯಾರ ಮೇಲಿನ ಸಿಟ್ಟು ಎಂಬುದನ್ನು ಮಾತ್ರ ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ನ್ಯಾಮತಿ ಸುತ್ತ ಹೈಬ್ರಿಡ್ ಹತ್ತಿಯ ಬೀಜ ಮಾಡುವ ಕೆಲಸ ಶುರುವಾದ ಹೊಸತು. ಹತ್ತಿ ಹೂವನ್ನು ಅದರ ಪಾಡಿಗೆ ಬಿಟ್ಟರೆ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡು ಕಾಯಾಗುತ್ತದೆ. ಬೀಜದವರಿಗೆ ಬೇಕಾದದ್ದು ಎರಡು ಬೇರೆ ತಳಿ ಕೂಡಿದ ಕಾಯಿ: ಪರಾಗ ಕೊಡುವ ತಳಿ ಗಂಡು ಸಾಲು, ಕಾಯಿ ಕಟ್ಟುವ ತಳಿ ಹೆಣ್ಣು ಸಾಲು. ಅದಕ್ಕೆ, ನಾಳೆ ಅರಳಬೇಕಾದ ಹೆಣ್ಣು ಸಾಲಿನ ಮೊಗ್ಗನ್ನು ಇವತ್ತು ಸಂಜೆಯೇ ಹೆಬ್ಬೆರಳ ಉಗುರಿನಿಂದ ಬಿಡಿಸಿ, ಎಸಳನ್ನೂ ಪರಾಗದ ಎಳೆಗಳನ್ನೂ ತೆಗೆದು, ನಡುವಿನ ಕಡ್ಡಿಯೊಂದನ್ನೇ ಉಳಿಸಿ ಕೆಂಪು ಕಾಗದ ತೊಡಿಸಬೇಕು. ಮರುದಿನ ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವುದರೊಳಗೆ, ಗಂಡು ಸಾಲಿನ ಹೂವು ತಂದು ಆ ಕಡ್ಡಿಗೆ ಸವರಬೇಕು. ತಡವಾದರೆ ಪರಾಗ ಸತ್ತುಹೋಗುತ್ತದೆ. ಇಷ್ಟನ್ನೂ ಗ್ರಾಮಸೇವಕ ತಿಪ್ಪೇಶಪ್ಪ ಊರ ಎಲ್ಲರೆದುರು ಹೇಳಿದ್ದ. ಕೇಳಿಸಿಕೊಳ್ಳದವರು ಯಾರೂ ಇರಲಿಲ್ಲ.

ಕೇಳಿಸಿಕೊಂಡೂ ಷಣ್ಮುಖಪ್ಪ ಗಂಡು ಸಾಲು ಹಾಕಿಸಿದ್ದು ಮುತ್ತಜ್ಜನನ್ನು ಹೂಳಿದ ಗದ್ದುಗೆಯ ಸುತ್ತ, ಆ ಜಾಲಿಬೇಲಿಯೊಳಗಿನ ತುಂಡಿನಲ್ಲಿ. ಬಾವಿಯ ಪಕ್ಕದ ಕಪ್ಪು ಮಣ್ಣು, ಕೆಲಸವೂ ಕಡಿಮೆ. ಹೆಣ್ಣು ಸಾಲಿಗೆ ಕೂಲಿಯವರು, ಗಂಡು ಸಾಲಿಗೆ ಮನೆಯವರು ಅಂತ ಅವನ ಲೆಕ್ಕ. ಗದ್ದುಗೆಯ ತುಂಡಿಗೆ ಓಬವ್ವನ ಕೇರಿಯವರು ಕಾಲಿಡುವಂತಿಲ್ಲ. ಗದ್ದುಗೆಗೆ ಪೂಜೆಯಾಗದೆ ಅಲ್ಲಿ ಮನೆಯವರೂ ಒಂದು ಎಲೆ ಹರಿಯುವಂತಿಲ್ಲ. ಷಣ್ಮುಖಪ್ಪ ಎದ್ದು, ಮಿಂದು, ಮನೆಯಲ್ಲಿ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊಲಕ್ಕೆ ಬಂದು ಗದ್ದುಗೆಗೆ ಮಂಗಳಾರತಿ ಎತ್ತುವ ಹೊತ್ತಿಗೆ ಅತ್ತ ಕೆಂಪು ಕಾಗದಗಳೊಳಗೆ ಕಡ್ಡಿಗಳು ಕಾದು ಕಾದು ಕಪ್ಪಾಗುತ್ತಿದ್ದವು. ಹೂ ಬಿಡಿಸಲು ಮೊದಲಿದ್ದ ಇಬ್ಬರು ದಾಯಾದಿ ಹೆಂಗಸರೂ ಬರುವುದು ಬಿಟ್ಟಿದ್ದರು. ಉಳಿದವಳು ನಿರ್ಮಲಮ್ಮ ಒಬ್ಬಳು.

ಇದೇ ಷಣ್ಮುಖಪ್ಪ ಊರಿನ ಓದುಗರ ಬಳಗದ ಅಧ್ಯಕ್ಷ. ಶನಿವಾರ ಸಂಜೆ ಶಾಲೆಯ ಕೋಣೆಯಲ್ಲಿ ಸಭೆ. ಹೊನ್ನಾಳಿಯಿಂದ ಪೇಪರು, ಪುಸ್ತಕ ತರಿಸುತ್ತಿದ್ದ. ಒಳ್ಳೆಯ ಮಾತುಗಾರ. ಹಿಂದಿನ ತಿಂಗಳಷ್ಟೇ ಒಂದು ಭಾಷಣ ಮಾಡಿದ್ದ: ತನ್ನ ಪರಾಗವನ್ನೇ ತಾನು ಹಚ್ಚಿಕೊಳ್ಳುವ ಗಿಡ ತಲೆಮಾರಿನಿಂದ ತಲೆಮಾರಿಗೆ ಸೊರಗುತ್ತದೆ, ತನ್ನ ಮಾತನ್ನೇ ತಾನು ಕೇಳುವ ಊರೂ ಹಾಗೇ ಸೊರಗುತ್ತದೆ, ಬೇರೆಯವರ ವಿಚಾರ ನಮ್ಮ ವಿಚಾರಕ್ಕೆ ತಾಗಬೇಕು. ಚಪ್ಪಾಳೆಯೋ ಚಪ್ಪಾಳೆ. ಕೇರಿಯ ಹುಡುಗರೂ ಚಪ್ಪಾಳೆ ತಟ್ಟಿದರು, ಕಿಟಕಿಯ ಆಚೆ, ಜಗಲಿಯ ಕೆಳಗೆ ಕೂತು. ಅವರು ಎಲ್ಲಿ ಕೂತಿದ್ದಾರೆ ಎಂಬುದು ಭಾಷಣಕಾರನ ಕಣ್ಣಿಗೆ ಬೀಳಲಿಲ್ಲ.

ಒಂದು ದಿನ ಬೀಜದ ಕಡೆಯ ಸಾಹೇಬರು ತಿಪ್ಪೇಶಪ್ಪನ ಜೊತೆ ಜೀಪಿನಲ್ಲಿ ಬಂದರು. ಸಾಲುಗಳ ನಡುವೆ ಓಡಾಡಿ ಗಿಡ ಬಗ್ಗಿಸಿ ನೋಡಿದರು. ಪಕ್ಕದ ಗೋವಿನಕೋವಿಯಲ್ಲಿ ಗಿಡಗಳು ಕಾಯಿಯ ಭಾರಕ್ಕೆ ಬಾಗಿವೆ, ಇಲ್ಲಿ ಕಾಯಿ ಕಚ್ಚಿಯೇ ಇಲ್ಲ, ಹೂವು ಎಷ್ಟು ಗಂಟೆಗೆ ಕೀಳುತ್ತೀರಿ ಎಂದು ಕೇಳಿದರು.

"ಎಂಟಕ್ಕೆಲ್ಲ ಕಿತ್ತು ಕೊಟ್ಟಿರ್ತೀವಿ ಸಾಹೇಬ್ರೆ" ಅಂದ ಷಣ್ಮುಖಪ್ಪ. "ಆದ್ರೆ ಇವರ ಕೈಗುಣ ಸರಿ ಇಲ್ಲ. ಉಗುರು ತಾಗಿಸಿ ಕಡ್ಡೀನೇ ಮುರೀತಾರೆ. ನಾಳಿಂದ ಬ್ಯಾರೆ ಆಳು ತರುಸ್ತೀನಿ."

ಓಬವ್ವ ಅಲ್ಲೇ ಇದ್ದಳು. ಅವಳು ಷಣ್ಮುಖಪ್ಪನನ್ನು ನೋಡಲಿಲ್ಲ. ನಿರ್ಮಲಮ್ಮನನ್ನು ನೋಡಿದಳು. ನಿರ್ಮಲಮ್ಮ ನೆಲ ನೋಡಿದಳು.

ಮಾತು ಜೀಪಿಗಿಂತ ಜೋರಾಗಿ ಓಡಿತು. ಗುಂಪಿನವರು ಗೋವಿನಕೋವಿಗೆ ಹೋಗಿ ಕೇಳಿದರೆ ಅಲ್ಲಿ ಬೇಡವೆಂದರು. ಪರಾಗ ಸವರುವ ಕ್ರಾಸಿಂಗ್ ಕೆಲಸಕ್ಕೆ ಕೈದೋಷ ಇರುವವರು ಎಂಬ ಹೆಸರು ಅಂಟಿಬಿಟ್ಟಿತ್ತು. ಜಗಳೂರು ಸೀಮೆಯಿಂದ ಈ ಊರಿಗೆ ಮದುವೆಯಾಗಿ ಬಂದವಳು ಓಬವ್ವ. ಅವಳಿಗೂ ಅವಳ ಜೊತೆಯವರಿಗೂ ಇದ್ದ ಆಸ್ತಿ ಎಂದರೆ ಆ ಕೈಗಳ ಹೆಸರೊಂದೇ.

ಮರುದಿನ ನಿರ್ಮಲಮ್ಮ ಕೇರಿಗೆ ಹೋದಳು. ಚನ್ನಗಿರಿಯಿಂದ ಸೊಸೆಯಾಗಿ ಬಂದಂದಿನಿಂದ ಆ ದಾರಿ ತುಳಿದವಳಲ್ಲ. ಓಬವ್ವ ಕಟ್ಟೆಯ ಮೇಲೆ ಕೂತು ರಾಗಿ ಹಸನು ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. ನಾಳೆ ಬೆಳಗಾಗುತ್ತಲೇ ಬನ್ನಿ, ಪೂಜೆಗೆ ಮೊದಲೇ ನಾನು ಕದ್ದು ಹೂ ಕಿತ್ತುಕೊಡ್ತೀನಿ ಎಂದು ನಿರ್ಮಲಮ್ಮ ಹೇಳಿದಳು.

"ಕದ್ದು ಯಾಕ್ರಿ?" ಓಬವ್ವ ಕೇಳಿದಳು. "ನಾವು ಕಳ್ಳರಾ? ನೀವು ಕದ್ದು ಕಿತ್ತು, ನಾವು ಕದ್ದು ಸವರಿ, ಕಾಯಿ ಕಚ್ಚಿದ್ರೆ ಗದ್ದುಗೆ ಅಜ್ಜಂದು ಮಹಿಮೆ. ಕಚ್ಚದಿದ್ರೆ ನಮ್ಮ ಕೈದೋಷ."

"ನನ್ನ ಕೈಲಿ ಇನ್ನೇನಾಗ್ತೈತೆ ಓಬವ್ವ?"

"ಬಾಯಿ ಐತಲ್ಲ. ನಾಲ್ಕು ಮಂದಿ ಮುಂದೆ ಹೋಯ್ತು ನಮ್ಮ ಹೆಸರು. ನಾಲ್ಕು ಮಂದಿ ಮುಂದೇ ವಾಪಸ್ ಬರಬೇಕು. ನಿಮ್ಮ ಗಂಡ ಸಿಟ್ಟಾದ್ರೆ ನಿಮಗೆ ಚನ್ನಗಿರ್‍ಯಾಗೆ ತವರುಮನಿ ಐತೆ. ನಮಗೆ ಈ ಕೈ ಬಿಟ್ರೆ ಯಾವ ಮನಿ ಐತೆ, ಹೇಳ್ರಿ."

ನಿರ್ಮಲಮ್ಮ ಬಂದ ದಾರಿಯಲ್ಲೇ ಮನೆಗೆ ನಡೆದಳು.

ಶನಿವಾರ ಬಳಗದ ಸಭೆಗೆ ತಿಪ್ಪೇಶಪ್ಪನೂ ಬಂದಿದ್ದ, ಗೋವಿನಕೋವಿಯ ರೈತರೂ ಬಂದಿದ್ದರು. ಷಣ್ಮುಖಪ್ಪ ಕನ್ನಡಕ ಏರಿಸಿ ಪೇಪರಿನ ಲೇಖನ ಓದಲು ತೊಡಗಿದ್ದ. ಹೆಂಡತಿ ಬಾಗಿಲಲ್ಲಿ ನಿಂತಿದ್ದು ನೋಡಿ ಮನೆಯಲ್ಲೇನೋ ಆಯಿತೆಂದು ಎದ್ದ. ಆ ಕೋಣೆಗೆ ಹೆಂಗಸರು ಬಂದಿದ್ದೇ ಇಲ್ಲ.

ನಿರ್ಮಲಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. "ಒಂದು ಮಾತು ಹೇಳಿ ಹೋಗ್ತೀನಿ" ಅಂದಳು. "ನಮ್ಮ ಹೊಲ್ದಾಗೆ ಎಂಟು ಗಂಟೆಗೆ ಹೂ ಕೊಟ್ಟಿದ್ದೇ ಇಲ್ಲ. ಪೂಜೆ ಮುಗದು ನಾನು ಬಿಡಿಸಿ ಕೊಡೋ ಹೊತ್ತಿಗೆ ಮಧ್ಯಾಹ್ನ. ಸತ್ತ ಹೂವು ಕೊಟ್ಟೋಳು ನಾನು. ಓಬವ್ವನ ಗುಂಪಿನ ಕೈಯಾಗೆ ಏನೂ ದೋಷ ಇಲ್ಲ."

ಗೋವಿನಕೋವಿಯವರೊಬ್ಬರು ಕೆಮ್ಮಿದರು. ತಿಪ್ಪೇಶಪ್ಪ ಷಣ್ಮುಖಪ್ಪನ ಮುಖ ನೋಡಿದ. ಕಿಟಕಿಯಾಚೆಯಿಂದ ಯಾರೋ, "ಅಧ್ಯಕ್ಷರು ಇದಕ್ಕೇನಂತಾರೆ?" ಎಂದು ಕೇಳಿದರು. ಅಧ್ಯಕ್ಷರು ಸಭೆ ಮುಗಿಯಿತು ಎಂದರು.

ಮನೆಯಲ್ಲಿ ಅವನು ಕೂಗಾಡಿದ. ಮಾನ ಹರಾಜಿಗಿಟ್ಟೆ ಎಂದ, ಹಿರಿಯರ ಜಾಗಕ್ಕೂ ಒಂದು ಮರ್ಯಾದೆ ಅಂತ ಬೇಡವೇ ಎಂದ. ನಾನೇನು ಅವರನ್ನು ದ್ವೇಷಿಸುತ್ತೇನೆಯೇ, ಅವರ ಹುಡುಗರಿಗೆ ಪುಸ್ತಕ ಕೊಡಿಸಿದವನು ನಾನೇ ಅಲ್ಲವೇ ಎಂದ. ಪುಸ್ತಕದ ಮಾತಿನಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನಿರ್ಮಲಮ್ಮನನ್ನು ಇನ್ನಷ್ಟು ಸುಟ್ಟಿತು.

"ಪುಸ್ತಕ ಕೊಟ್ರಿ. ಒಳಗೆ ಕುಂತು ಓದು ಅಂದ್ರಾ?" ಅಂದಳು. "ಎಲ್ಲೆಲ್ಲಿಂದಲೋ ವಿಚಾರ ತರುಸ್ತೀರಿ. ಅದನ್ನೂ ಬೇಲಿ ಮ್ಯಾಲಿಂದಲೇ ಸುರುವ್ತೀರಿ."

ಅವನು ಊಟ ಮಾಡದೆ ಮಲಗಿದ.

ಬೇರೆ ಆಳು ಸಿಗಲಿಲ್ಲ. ಸಭೆಯಲ್ಲಿ ನಿರ್ಮಲಮ್ಮ ಆಡಿದ ಮಾತು ಕೇಳಿದ ಮೇಲೆ ಬರುವವರೂ ಯೋಚಿಸಿದರು. ಕೊನೆಗೆ ತಿಪ್ಪೇಶಪ್ಪನೇ ಕೇರಿಗೆ ಹೋಗಿ ಕೇಳಿಕೊಂಡ. ಸಂಜೆ ಬಂದು ಮೊಗ್ಗು ಬಿಡಿಸುತ್ತೇವೆ, ಬೆಳಗಿನ ಮಾತು ಬೆಳಗ್ಗೆ ಎಂದಳು ಓಬವ್ವ. ಬಂದರು, ಹೊಲದ ತುಂಬ ಕೆಂಪು ಕಾಗದ ತೊಡಿಸಿ ಹೋದರು.

ಬೆಳಗ್ಗೆ ಇಬ್ಬನಿ ಆರಿತ್ತು. ಗದ್ದುಗೆಯ ಸುತ್ತ ಗಂಡು ಹೂಗಳು ಅರಳಿ ನಿಂತಿದ್ದವು. ಷಣ್ಮುಖಪ್ಪ ಸ್ನಾನವನ್ನೂ ಮಾಡದೆ ಬಂದು ಬುಟ್ಟಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

"ಪೂಜೆ ಆಮ್ಯಾಲೆ ಮಾಡಿದ್ರಾತು" ಅಂದ. "ನಾನೇ ಕೀಳ್ತೀನಿ. ಮೊದಲ್ನಂಗೆ ಸುರುವಲ್ಲ, ಕೈಗೇ ಕೊಡ್ತೀನಿ."

ಓಬವ್ವ ಬೇಲಿಯಾಚೆ ಕೈಕಟ್ಟಿ ನಿಂತಳು. ಅವಳ ಹಿಂದೆ ಗುಂಪೆಲ್ಲ ಕೈಕಟ್ಟಿತು.

"ಕೈಗೆ ಕೊಡಬ್ಯಾಡ್ರಿ ಗೌಡ್ರೆ. ಕಾಲಿಗೆ ದಾರಿ ಬಿಡ್ರಿ. ಇಷ್ಟು ಹೂವು ನೀವೊಬ್ರೇ ಕಿತ್ತು ಮುಗಿಸೋ ಹೊತ್ತಿಗೆ ಮತ್ತೆ ಮಧ್ಯಾಹ್ನ. ಮತ್ತೆ ನಮ್ಮ ಕೈಗೇ ಹೆಸರು."

"ಅದು ಹಿರಿಯರ ಜಾಗ, ಓಬವ್ವ."

"ಈ ಬೇಲಿ ಕಟ್ಟೋಕೆ ಮುಳ್ಳು ಕಡದು ಹೊತ್ತೋನು ನನ್ನ ಗಂಡ. ಅವತ್ತು ಹಿರಿಯರು ಎದ್ದು ಬಂದು ಬ್ಯಾಡ ಅಂದ್ರಾ?"

ಯಾರೂ ಅಲುಗಲಿಲ್ಲ. ಬಿಸಿಲು ಗಿಡಗಳ ಸೊಂಟಕ್ಕಿಳಿಯಿತು. ಸಂಜೆ ಬಿಡಿಸಿಟ್ಟ ಮೊಗ್ಗುಗಳಿಗೆ ಇರುವುದು ಈ ಬೆಳಗೊಂದೇ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಷಣ್ಮುಖಪ್ಪ ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ಗದ್ದುಗೆಯನ್ನು ನೋಡಿದ. ಅವನ ಹಣೆಯಲ್ಲಿ ಅವತ್ತು ವಿಭೂತಿಯಿರಲಿಲ್ಲ, ಬೆವರಿತ್ತು.

ನಿರ್ಮಲಮ್ಮ ಬದುವಿನಿಂದ ಇಳಿದು ಬಂದು ಜಾಲಿಯ ಒಂದು ಟೊಂಗೆ ಹಿಡಿದು ಎಳೆದಳು. ಮುಳ್ಳು ಅಂಗೈಗೆ ನೆಟ್ಟಿತು. ಟೊಂಗೆ ಅಲುಗಿತು, ಬರಲಿಲ್ಲ. ಅವಳು ಗಂಡನ ಕಡೆ ತಿರುಗಿ ನೋಡಲಿಲ್ಲ, ಮತ್ತೆ ಎಳೆದಳು.

ಷಣ್ಮುಖಪ್ಪ ಬುಟ್ಟಿ ಕೆಳಗಿಟ್ಟ. ಬಂದು ಅದೇ ಟೊಂಗೆಗೆ ಕೈ ಹಾಕಿದ. ತಡೆಯಲು ಹಿಡಿದನೋ ಎಂದು ಹೆಂಗಸರು ಉಸಿರು ಬಿಗಿಹಿಡಿದರು. ಅವನು ಕಾಲೂರಿ ಎಳೆದ. ಬೇಲಿ ಆಳು ನುಗ್ಗುವಷ್ಟಗಲ ಕಿತ್ತು ಬಂತು.

ಓಬವ್ವ ಕೈ ಮುಗಿಯಲಿಲ್ಲ, ದೊಡ್ಡ ಮನಸ್ಸು ಮಾಡಿದಿರಿ ಅಂತಲೂ ಅನ್ನಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಗಂಡು ಸಾಲಿನೊಳಕ್ಕೆ ನಡೆದಳು. ಗುಂಪು ಅವಳ ಹಿಂದೆ ನುಗ್ಗಿತು. ಮೊದಲ ಹೂವು ಕಿತ್ತು, ಬೆರಳಿಗೆ ಹತ್ತಿದ ಹಳದಿ ಪುಡಿ ನೋಡಿ, ಹಿಂತಿರುಗದೆಯೇ ಹೇಳಿದಳು:

"ಹೋದ ಕಾಯಿ ಇನ್ನು ಬರಾದಿಲ್ಲ ಗೌಡ್ರೆ. ಉಳಿದದ್ದಾದ್ರೂ ಉಳಿಸ್ಕೊಳ್ಳಾಣ. ಆ ಕಡೆ ಸಾಲು ನಿಮ್ದು, ಬಗ್ಗಿ ಕೀಳ್ರಿ."

ಷಣ್ಮುಖಪ್ಪ ಪಂಚೆ ಎತ್ತಿ ಕಟ್ಟಿ ಬಗ್ಗಿದ.