ಅಂಗೈಯ ಪಾಠ

“ನನ್ನ ಇನ್ನೊಂದು ಚಪ್ಲಿ ಎಲ್ಲಿ ಹೋತು?”

ಮಕ್ತಲದ ಆ ಓಣಿಯಲ್ಲಿ ಮಹಾಂತಮ್ಮನ ಮಾತಿಗೆ ಓಗೊಡಲು ಒಂದು ನಾಯಿಯೂ ಇರಲಿಲ್ಲ. ಗುರುಗಳ ಮನೆಯ ಕಟ್ಟೆಗೆ ಕೈಕೊಟ್ಟು ಬಗ್ಗಿದಾಗಲೇ ಅವಳಿಗೆ ಗೊತ್ತಾದದ್ದು, ಎಡಗಾಲಲ್ಲಿ ಚಪ್ಪಲಿಯೇ ಇಲ್ಲವೆಂದು. ನಾರಾಯಣಪೇಟೆಯ ಬಸ್ಸಿನಲ್ಲೇ ಬಿಟ್ಟಳೋ, ದಾರಿಯಲ್ಲಿ ಜಾರಿತೋ. ಕಾದ ಡಾಂಬರಿನ ಮೇಲೆ ಅಷ್ಟು ದೂರ ಬರಿಗಾಲಲ್ಲಿ ಬಂದಿದ್ದಳು. ಅಂಗಾಲು ತಿರುಗಿಸಿ ನೋಡಿಕೊಂಡಳು. ಹಿಮ್ಮಡಿಯಲ್ಲಿ ಗಾಜಿನ ಚೂರು ನೆಟ್ಟು ರಕ್ತ ಕರಿಗಟ್ಟಿತ್ತು. ಉಗುರಿನಿಂದ ಕಿತ್ತೆಸೆದು ಸೆರಗಿನಲ್ಲಿ ಒರೆಸಿದಳು. ಬೇರೆ ಯಾರದೋ ಕಾಲಿನ ಮುಳ್ಳು ತೆಗೆದಂತಿತ್ತು.

ಸಕ್ಕರೆ ಕಾಯಿಲೆ ಅವಳ ಅಂಗಾಲಿನ ಅರಿವನ್ನು ತಿಂದುಹಾಕಿತ್ತು. ನೇಯಲು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಹಲಗೆ ತುಳಿದೆನೋ ಇಲ್ಲವೋ ಎಂಬುದನ್ನು ಮೇಲೆ ಎಳೆಗಳು ಬಾಯಿ ತೆರೆದಾಗಲೇ ತಿಳಿಯಬೇಕು. ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಕರಿಬಸಯ್ಯ ಗುರುಗಳು ಲಿಂಗೈಕ್ಯರಾದ ಸುದ್ದಿ ಬಂದ ದಿನ ಅವಳ ಮನಸ್ಸೂ ಅಂಗಾಲಿನ ಹಾಗೇ ಆಗಿತ್ತು. ಉಳಿದವರು ಅತ್ತರು. ಇವಳು ಕೇಳಿಸಿಕೊಂಡಳು, ಮತ್ತೆ ಗುಂಡಿಗೆ ಇಳಿದಳು.

ಒಳಗೆ ಗುರುಗಳ ಮಗ ಭೀಮಶಂಕರ್ ವಿಡಿಯೊ ಹಿಡಿಯಲು ಮೊಬೈಲನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ. ಇಟಿಕ್ಯಾಲದ ವೆಂಕಟಯ್ಯ, ಗದ್ವಾಲದ ಜಮ್ಮುಲಮ್ಮ ಆಗಲೇ ಚಾಪೆಯ ಮೇಲಿದ್ದರು. ಒಂದು ಕಾಲಕ್ಕೆ ಇವರೆಲ್ಲ ಗುರುಗಳ ಹೆಜ್ಜೆ ಮೇಳದವರು. ಶಿವರಾತ್ರಿಯ ಜಾಗರಣೆಗೆ ಪದ್ಯ ಹೇಳುತ್ತ, ಪದ್ಯಕ್ಕೆ ಹೆಜ್ಜೆ ಹಾಕುತ್ತ ಬೆಳಗು ಮಾಡುತ್ತಿದ್ದವರು.

“ಅಪ್ಪ ಏನೂ ಬರದಿಟ್ಟಿಲ್ರಿ,” ಎಂದ ಭೀಮಶಂಕರ್. “ನನಗ ಕಾಲು ತಿರುಗಲಿಲ್ಲ, ಕಲೀಲಿಲ್ಲ. ಅವರು ಹೆಂಗ ಕಲಿಸ್ತಿದ್ರು, ನೆನಪಿದ್ದಷ್ಟು ಹೇಳ್ರಿ. ನಮ್ಮ ಕಾವ್ಯಾನಿಂದ ಸುರು ಮಾಡೂಣು. ಈ ಸಲ ಮ್ಯಾಳ ನಿಂದ್ರಲಿಲ್ಲಂದ್ರ ಗುಡಿಯವ್ರು ಡಿಜೆ ತರಸ್ತೀವಿ ಅಂದಾರ.”

ಅವನ ಮಗಳು ಕಾವ್ಯ ಬಾಗಿಲ ಚೌಕಟ್ಟಿಗೆ ಒರಗಿ ಜಡೆಯ ತುದಿ ಕಚ್ಚುತ್ತಿದ್ದಳು.

“ನನಗ ಬೈದು ಕಲಿಸಿದ್ರಪ್ಪ,” ಎಂದು ವೆಂಕಟಯ್ಯ ಶುರುಮಾಡಿದ. “‘ಎಮ್ಮಿ ಹಂಗ ಕಾಲು ಒಗೀತಿಯಲ್ಲೋ, ನೆಲ ಏನು ನಿಮ್ಮಪ್ಪನ ಜಹಗೀರೇನು?’ ಅಂತಿದ್ರು.”

“ಏನು ಬೈದು ಏನು ಬಂತು,” ಎಂದಳು ಜಮ್ಮುಲಮ್ಮ. “ಇವತ್ತಿಗೂ ನೀ ನಡದ್ರ ಪಡಸಾಲಿ ಕೊಡಪಾನ ಅಲುಗ್ತಾವ.”

“ಹೌದಲ್ಲ ಮತ್ತ, ನೀ ಗಾಳ್ಯಾಗ ನಡೀತಿದ್ದಿ,” ಎಂದ ವೆಂಕಟಯ್ಯ.

ಗುರುಗಳು ಎಂದೂ ಒಂದು ಎರಡು ಅಂತ ಎಣಿಸಿದವರಲ್ಲ. ಅದನ್ನು ಮೂವರೂ ಒಪ್ಪಿದರು. ಪದ್ಯ ಹೇಳುವರು, ಸಾಲು ಉಸಿರು ತಕ್ಕೊಂಡ ಕಡೆ ಹೆಜ್ಜೆ. ‘ಮೆಟ್ಟಿದರ ಮಣ್ಣು, ಮುಟ್ಟಿದರ ಮಠ’ ಎಂದು ಜಮ್ಮುಲಮ್ಮ ರಾಗ ತೆಗೆದು, ಮುಂದಿನದು ಮರೆತು, ನಿಲ್ಲಿಸಿದಳು.

“ಆಮ್ಯಾಲ ಅಂಗೈ,” ಎಂದಳು ಮೆಲ್ಲಗೆ.

“ಅಂಗೈ ಅಂದ್ರ?” ಎಂದ ಭೀಮಶಂಕರ್.

ಕಡೆಯ ಪಾಠಕ್ಕೆ ಗುರುಗಳು ನೆಲಕ್ಕೆ ಕೂತು, ಶಿಷ್ಯರ ಮುಂದೆ ತಮ್ಮ ಅಂಗೈ ಹಾಸುತ್ತಿದ್ದರು. ಅದರ ಮೇಲೆ ಹೆಜ್ಜೆ ಹಾಕಬೇಕು. ಲಿಂಗ ಹಿಡಿದು ಪೂಜೆ ಮಾಡುವ ಕೈ ಅದು.

“ನಾ ಪಟ್ನ ಇಟ್ಟುಬಿಟ್ಟೆ,” ಎಂದ ವೆಂಕಟಯ್ಯ. “ಕೈ ಜಾಡಿಸ್ಕೊಂಡು ಎದ್ದರು ನೋಡು. ‘ನೀ ತಾಳ ಹಿಡಿಯೋ’ ಅಂದ್ರು. ಮುಗೀತು. ಮುದುಕ ಆಗೂತನಕ ತಾಳನೇ.”

“ನಾ ಅತಗೋತ ಇಟ್ಟೆ. ಹಿಂದಿನ ಸಾಲಿಗೆ ಹಾಕಿದ್ರು. ಮುಂದಿನ ಸಾಲು ಇಕೀದು.” ಜಮ್ಮುಲಮ್ಮ ಗದ್ದದಿಂದ ಮಹಾಂತಮ್ಮನತ್ತ ತೋರಿಸಿದಳು. “ಇಕೀ ಹೆಜ್ಜಿ ಸಪ್ಪಳ ಗುರುವಿಗೂ ಕೇಳ್ತಿದ್ದಿಲ್ಲ. ಇಕೀನ ಕೇಳ್ರಿ, ಆ ಕೈಮ್ಯಾಲ ಕಾಲು ಹೆಂಗ ಇಡಬೇಕು ಅಂತ.”

ಮಹಾಂತಮ್ಮ ನೆನೆಯಲು ನೋಡಿದಳು. ಆ ಕೈ ಬೆಚ್ಚಗಿತ್ತೋ, ಒರಟಾಗಿತ್ತೋ? ನೆನಪಿಡಬೇಕಾಗಿದ್ದ ಅಂಗಾಲೇ ಸತ್ತುಹೋಗಿತ್ತು. ಬಾಯಿಗಷ್ಟೇ ನೆನಪಿತ್ತು: ಗುರುಗಳು ಕೈ ಹಾಸಿದ ಮೊದಲ ದಿನ ಅವಳು ‘ಒಲ್ಲೆ ಗುರುವೇ’ ಎಂದಿದ್ದಳು. ಅವರು ಗದರಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಗೋಡೆಯ ಮೇಲಿನ ಬಿಸಿಲು ಇಳಿದು ಅಂಗಳಕ್ಕೆ ಹೋಯಿತು, ಕೈ ಅಲ್ಲೇ ಇತ್ತು. ಮರುದಿನ ಬಂದಾಗಲೂ ಹಾಸಿಯೇ ಇತ್ತು, ಆಗ ಕಾಲಿಟ್ಟಿದ್ದಳು.

“ಒಮ್ಮೆ ಹಾಕಿ ತೋರಸ್ರಿ ಅಕ್ಕ,” ಎಂದು ಭೀಮಶಂಕರ್ ಮೊಬೈಲಿನ ಗುಂಡಿ ಒತ್ತಿದ.

ಎದ್ದಳು. ಸೊಂಟ ನೆನಪಿಟ್ಟಿತ್ತು, ಮೊಣಕಾಲೂ ನೆನಪಿಟ್ಟಿತ್ತು. ಜಮ್ಮುಲಮ್ಮ ಸಾಲು ಹೇಳಿದಳು, ಸಾಲು ಉಸಿರು ತಕ್ಕೊಂಡಿತು, ಮಹಾಂತಮ್ಮ ತನ್ನ ಕಾಲನ್ನೇ ನೋಡುತ್ತ ಹೆಜ್ಜೆ ಇಟ್ಟಳು. ಹಿಮ್ಮಡಿ ದಪ್ಪೆಂದು ಬಿತ್ತು. ಇನ್ನೊಂದೂ ಹಾಗೇ. ಕಲ್ಲಿನ ಮೇಲೆ ಸಣ್ಣ ಕೆಂಪು ಗುರುತು ಮೂಡಿತು.

ವೆಂಕಟಯ್ಯ ಸೂರಿನ ಕಡೆ ಮುಖ ತಿರುಗಿಸಿದ.

“ನನ್ನ ಕಾಲಿಗೆ ನೆಲ ತಿಳಿಯಂಗಿಲ್ಲ ಈಗ,” ಎಂದಳು ಮಹಾಂತಮ್ಮ. ಪೇಟೆಯ ದರ ಹೇಳುವ ಹಾಗೆ ಹೇಳಿದಳು. “ಸಕ್ರಿ. ಕಾಲಾಗ ಏನೂ ಉಳಿದಿಲ್ಲ.”

ಭೀಮಶಂಕರ್ ಮೊಬೈಲನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. “ಇರಲಿ ಬಿಡ್ರಿ ಅಕ್ಕ. ಊಟ ಮಾಡೂಣು ಬರ್ರಿ. ಗುಡಿಯವ್ರಿಗೆ ನಾ ಹೇಳ್ತೀನಿ.”

ಮಹಾಂತಮ್ಮ ಊಟಕ್ಕೆ ಹೋಗಲಿಲ್ಲ. ನೆಲಕ್ಕೆ ಕೂತು, ಸೆರಗು ಸರಿಮಾಡಿಕೊಂಡು, ಲಾಳಿ ಎಸೆದು ಎಸೆದು ಬಿರುಸಾದ ಬಲಗೈಯನ್ನು ಅಂಗಾತ ಹಾಸಿದಳು. ಕೈಯ ಬೆನ್ನಿಗೆ ಕಲ್ಲಿನ ತಂಪು ತಾಗಿತು.

“ಬಾರವ್ವ ಕಾವ್ಯ. ಇದರಮ್ಯಾಲ ಕಾಲಿಡು.”

ಹುಡುಗಿ ಹತ್ತಿರ ಬಂದಳು. ಕೈ ನೋಡಿದಳು, ಅಪ್ಪನನ್ನು ನೋಡಿದಳು.

“ಇಡು,” ಎಂದ ಅಪ್ಪ.

ಕಾವ್ಯ ಅಲ್ಲೇ ಕುಕ್ಕರಿಸಿ, ಎರಡೂ ಪಾದಗಳನ್ನು ಲಂಗದೊಳಗೆ ಎಳೆದುಕೊಂಡಳು. “ನಾ ಒಲ್ಲೆ. ದೊಡ್ಡೋರ ಕೈಮ್ಯಾಲ ಕಾಲಿಡಂಗಿಲ್ಲ ನಾ.”

ಬಾಗಿಲಿನ ಬಿಸಿಲು ಚಾಪೆಯ ಅಂಚಿನ ತನಕ ಬಂದಿತ್ತು. ಅಡುಗೆಮನೆಯಲ್ಲಿ ತಟ್ಟೆಗಳನ್ನು ಇಡುವ ಸದ್ದು ಕೇಳಿತು.

“ಆಕಿ ಇಡಂಗಿಲ್ರಿ ಅಕ್ಕ,” ಎಂದ ಭೀಮಶಂಕರ್. “ಕೈ ತೆಗೀರಿ.”

“ತೆಗಿಯಂಗಿಲ್ಲ,” ಎಂದಳು ಮಹಾಂತಮ್ಮ.