ಅಥಣಿಯ ಚಪ್ಪಲಿ ಕಂಡ ಮಂಗಳೂರು

ನಾನು ಹುಟ್ಟಿದ್ದು ಅಥಣಿಯ ಬಿಸಿಲಿನಲ್ಲಿ. ನನ್ನ ಮೈ ಎಮ್ಮೆಯ ತೊಗಲು. ಸೋನಾಬಾಯಿ ಎಂಬಾಕೆ ಪಡಸಾಲೆಯಲ್ಲಿ ಕೂತು, ತೊಗಲಿನ ತೆಳ್ಳನೆಯ ಎಳೆಗಳನ್ನು ಜಡೆಯಂತೆ ಹೆಣೆದು ನನ್ನ ಪಟ್ಟಿ ಮಾಡಿದಳು. ಅವಳ ಗಂಡ ಅಟ್ಟೆ ಹೊಲಿದು, ಎಣ್ಣೆ ಹಚ್ಚಿ, ಅಂಗಳದಲ್ಲಿಟ್ಟ. ನಾನು ಬಲಗಾಲಿನ ಚಪ್ಪಲಿ. ಎಡಗಾಲಿನದು ನನ್ನ ಜೊತೆಗೇ ಹುಟ್ಟಿದ್ದು. ಅದಕ್ಕೆ ಮಾತು ಕಡಿಮೆ, ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳುತ್ತೇನೆ.

ಅಂಗಡಿಯವನು ಕೊಳ್ಳಲು ಬಂದವರಿಗೆಲ್ಲ, “ನೀರಾಗ ಹಾಕ್ಕೊಂಡ ಹೋಗಬ್ಯಾಡ್ರಿ, ಕೆಡ್ತಾವ,” ಅನ್ನುತ್ತಿದ್ದ. ನೀರೆಂದರೆ ನನ್ನ ವೈರಿ ಎಂದು ನಂಬಿಯೇ ಬೆಳೆದೆ.

ನಮ್ಮನ್ನು ಕೊಂಡವನು ಹಿಟ್ಟಿನ ಗಿರಣಿಯ ಅಪ್ಪಾಸಾಬ. ಅವನ ಕಿರುಬೆರಳಿಗೆ ನಾವು ಒತ್ತಿದೆವು. ಎರಡೇ ದಿನಕ್ಕೆ ಮೂಲೆಗೆ ಒಗೆದ. ಅವನ ಹೆಂಡತಿ ಲಗಮವ್ವ ಕಾಲು ಹಾಕಿ ನೋಡಿ, “ನನಗ ಬರೋಬ್ಬರಿ ಆಗ್ತಾವ,” ಎಂದು ಅಂಗಳದ ತುಂಬ ಓಡಾಡಿದಳು. ಕರ್ ಕರ್ ಎಂದು ನಾವು ಸದ್ದು ಮಾಡಿದಷ್ಟೂ ಅವಳ ನಡಿಗೆ ಬಿರುಸಾಯಿತು.

ಆ ಮನೆಯಲ್ಲಿ ಒಂದೇ ಚಿಂತೆ. ಮಗಳು ದಾನಮ್ಮ ಮಂಗಳೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಊರ ಕಡೆ ವರ್ಗ ಕೇಳು ಎಂದರೆ ಒಲ್ಲೆ ಅನ್ನುತ್ತಿದ್ದಳು.

“ಫೋನಿನ್ಯಾಗ ಹೇಳಿದ್ರ ಆಗೂದಿಲ್ಲ,” ಎಂದ ಅಪ್ಪಾಸಾಬ. “ನೀನ ಹೋಗಿ ಒಪ್ಪಿಸಿ ಬಾ.”

“ಎಂಟ ದಿನದಾಗ ಒಪ್ಪಿಸಿ ಬರ್ತೀನಿ ನೋಡ್ರಿ,” ಎಂದು ಲಗಮವ್ವ ಸೆರಗು ಸಿಕ್ಕಿಸಿದಳು. ಹೀಗೆ ಲಗಮವ್ವ, ನಾವಿಬ್ಬರು, ಮೂವರೂ ಮಂಗಳೂರಿನ ಬಸ್ಸು ಹತ್ತಿದೆವು.

ಬೆಳಿಗ್ಗೆ ಇಳಿದಾಗ ಗಾಳಿಯೇ ಒದ್ದೆ. ನನ್ನ ತೊಗಲು ಮೆತ್ತಗಾಯಿತು, ಸದ್ದು ಅಡಗಿತು. ಲಗಮವ್ವನಿಗೂ ಏನೂ ಸೇರಲಿಲ್ಲ. ಸೆಕೆಗೆ ಬೈದಳು, ಮೀನಿನ ವಾಸನೆಗೆ ಮೂಗು ಮುಚ್ಚಿದಳು. ದಾನಮ್ಮ ಬಾಡಿಗೆಗಿದ್ದ ಮನೆಯ ಒಡತಿ ಬೆನೆಡಿಕ್ಟಾ ಬಾಯಿ ಪ್ರೀತಿಯಿಂದ ಕುಚ್ಚಲಕ್ಕಿ ಅನ್ನ ಬಡಿಸಿದರೆ, “ಇದು ಅಕ್ಕಿನೋ, ಜ್ವಾಳಾನೋ?” ಎಂದು ಕೇಳಿಬಿಟ್ಟಳು.

ಬೆನೆಡಿಕ್ಟಾ ಬಾಯಿ ಹೊಟ್ಟೆ ಹಿಡಿದು ನಕ್ಕರು. “ನಾಳೆ ನಿಮಗೆ ನೀರುದೋಸೆ ಮಾಡುವ. ಅದಾದರೂ ತಿನ್ನಿ ಮಾರಾಯ್ರೇ.”

ರಾತ್ರಿ ಲಗಮವ್ವ ಮಾತು ತೆಗೆದಳು. “ಇಲ್ಲಿ ನಿನಗ ಯಾರದಾರ ದಾನಿ? ಜಡ್ಡು ಬಂದ್ರ ಯಾರ ನೋಡ್ತಾರ?”

“ನಾ ಬರಂಗಿಲ್ಲವ್ವಾ. ಮೊದಲ ಊರ ನೋಡು. ಆಮ್ಯಾಲೆ ಕೇಳು.”

ಮರುದಿನ ಲಗಮವ್ವ ಮಗಳ ಬಸ್ಸಿನಲ್ಲೇ ಕೂತಳು. ಏರು, ಇಳಿಜಾರು, ಕೆಂಪು ಹೆಂಚಿನ ಮಾಡುಗಳು, ಅವುಗಳ ನಡುವೆ ಇಗರ್ಜಿಯ ಗೋಪುರ, ಮಸೀದಿ, ಗುಡಿ. ಬಾಗಿಲಲ್ಲಿ ನಿಂತು ದಾನಮ್ಮ “ರೈಟ್, ಪೋಯಿ!” ಎಂದು ಕೂಗಿದಾಗ ಲಗಮವ್ವನ ಕಾಲು ನನ್ನ ಮೇಲೆ ಟಕ್ಕೆಂದು ಕುಣಿಯಿತು. ಮಲ್ಲಿಗೆ ಮಾರುವ ಹೆಂಗಸೊಬ್ಬಳು ದಾನಮ್ಮನ ಜಡೆಗೆ ಹೂವಿಟ್ಟು ತುಳುವಿನಲ್ಲಿ ಏನೋ ಹೇಳಿದಳು, ದಾನಮ್ಮ ತುಳುವಿನಲ್ಲೇ ತಿರುಗಿ ಹೇಳಿ ನಕ್ಕಳು. ಲಗಮವ್ವ ಪಕ್ಕದವಳಿಗೆ, “ನನ್ನ ಮಗಳ್ರೀ,” ಎಂದಳು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನವಳಿಗೂ ಹೇಳಿದಳು.

ಮೂರನೆಯ ದಿನ ಯಾರಿಗೂ ಹೇಳದೆ ಒಬ್ಬಳೇ ಹೊರಟಳು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಬಂದರಿನ ಓಣಿಗಳಿಗೆ ನುಗ್ಗಿದಳು. ಅಬ್ಬಾ, ಎಂಥ ಓಣಿಗಳು! ಹಳೇ ಉಗ್ರಾಣಗಳ ಕಮಾನುಗಳಡಿ ಮೆಣಸಿನಕಾಯಿ, ಕೊಬ್ಬರಿ, ಒಣಮೀನಿನ ಘಾಟು. ಎಷ್ಟೋ ತಲೆಮಾರಿನ ಕಾಲುಗಳು ಸವೆಸಿದ ಕಲ್ಲಿನ ಮೆಟ್ಟಿಲುಗಳು. ನನ್ನ ಅಟ್ಟೆಗೆ ಅವು ಬೆಣ್ಣೆಯಂತೆ ನುಣುಪು. ಲಗಮವ್ವ ಮೂಗು ಮುಚ್ಚುವುದನ್ನೇ ಮರೆತಳು. ಒಂದು ಓಣಿ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ದಾರಿ ಕೇಳುತ್ತ ಕೇಳುತ್ತ ಸುಲ್ತಾನ್ ಬತ್ತೇರಿಗೆ ಬಂದಳು. ಕರಿಕಲ್ಲಿನ ಆ ಹಳೇ ಕಾವಲು ಬುರುಜನ್ನು ಏರಿ, ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದಳು. ಕೆಳಗೆ ನದಿ, ಅದರಾಚೆ ಮರಳ ದಂಡೆ.

“ಆ ಕಡೆ ಏನೈತ್ರಿ?” ಎಂದು ದೋಣಿಯವನನ್ನು ಕೇಳಿದಳು.

“ಕಡಲು ಉಂಟಲ್ಲ ಅಮ್ಮಾ. ನೀವು ನೋಡಿಲ್ಲವಾ?”

ನೋಡಿರಲಿಲ್ಲ. ದೋಣಿ ಹತ್ತಿದಳು. ಹಲಗೆಯ ಮೇಲೆ ನೀರು ಚಿಮ್ಮಿದಾಗ ನಾನು ನಡುಗಿದೆ. ಆಚೆ ಇಳಿದು, ಗಾಳಿಮರಗಳ ನೆರಳು ದಾಟಿದೆವು. ಎದುರಿಗೆ ಅದು ಬಿದ್ದುಕೊಂಡಿತ್ತು.

“ಅಯ್ಯ ಶಿವನ! ಇದಕ್ಕ ಆಚಿ ದಂಡಿ ಎಲ್ಲೈತಿ?”

ಕೃಷ್ಣೆಯ ಮಹಾಪೂರ ಕಂಡವಳು ಅವಳು. ಆದರೂ ಉಸಿರು ಹಿಡಿದು ನಿಂತಳು. ಆಮೇಲೆ ಓಡಿದಳು! ಐವತ್ತೈದರ ಹೆಂಗಸು, ಇಳಕಲ್ ಸೀರೆ ಎತ್ತಿ ಕಟ್ಟಿ, ನಮ್ಮನ್ನು ಬಿಚ್ಚುವುದನ್ನೂ ಮರೆತು ತೆರೆಯೊಳಕ್ಕೆ! ಉಪ್ಪುನೀರು ನನ್ನ ಜಡೆಯ ಎಳೆಎಳೆಯೊಳಗೆ ಹೊಕ್ಕಿತು. ಸತ್ತೆ ಅಂದುಕೊಂಡೆ. ಸಾಯಲಿಲ್ಲ. ಕಾಲಡಿಯ ಮರಳು ಜಾರುವಾಗ ಕಚಗುಳಿಯಾಗಿ, ಮತ್ತೊಂದು ತೆರೆ ಬರಲಿ ಎಂದು ನಾನೇ ಕಾದೆ.

ಹೊತ್ತು ಇಳಿದಾಗ ಚರುಮುರಿ ತಿನ್ನುತ್ತ ಕೂತಿದ್ದಳು. ದೋಣಿಯಿಂದ ದಾನಮ್ಮ ಓಡಿಬಂದಳು. ಹಿಂದೆ ಏದುಸಿರು ಬಿಡುತ್ತ ಬೆನೆಡಿಕ್ಟಾ ಬಾಯಿ, ಇಬ್ಬರು ರಿಕ್ಷಾದವರು, ಮಲ್ಲಿಗೆ ಮಾರುವವಳು.

“ಹೇಳಲಿಲ್ಲ, ಕೇಳಲಿಲ್ಲ! ಎಲ್ಲಿ ಅಂತ ಹುಡುಕೂದವ್ವಾ?” ದಾನಮ್ಮ ಅವ್ವನ ತೋಳು ಹಿಡಿದಳು.

“ಅವಳು ಅಳುವುದು ನೋಡಿ ನಮಗೆ ಕೈಕಾಲು ಆಡಲಿಲ್ಲ,” ಎಂದರು ಬೆನೆಡಿಕ್ಟಾ ಬಾಯಿ. “ಇಳಕಲ್ ಸೀರೆ ಅಂತ ಹೇಳಿದ್ದಕ್ಕೆ ದೋಣಿಯವನಿಗೆ ಗೊತ್ತಾಯಿತು. ಇಡೀ ಬಂದರು ನಿಮ್ಮನ್ನು ಹುಡುಕಿತು, ಗೊತ್ತುಂಟಾ?”

ಲಗಮವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ರಿಕ್ಷಾದವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮಲ್ಲಿಗೆಯವಳ ಬುಟ್ಟಿಯಲ್ಲಿ ಹೂವು ಬಾಡಿತ್ತು. ಮಾರುವುದನ್ನು ಬಿಟ್ಟು ಬಂದಿದ್ದಳು. ಲಗಮವ್ವ ಚರುಮುರಿಯ ಪೊಟ್ಟಣವನ್ನು ಅವರ ಮುಂದೆ ಹಿಡಿದು, “ತಿನ್ರಿ,” ಎಂದಳು.

ದೋಣಿಗೆ ಕಾಯುವಾಗ ಮಗಳ ಫೋನು ಇಸಿದುಕೊಂಡು ಗಂಡನಿಗೆ ಹಚ್ಚಿದಳು.

“ದಾನಿ ಬರಂಗಿಲ್ರಿ. ಇಲ್ಲೇ ಇರಲಿ.”

ಆ ಕಡೆಯಿಂದ ಅಪ್ಪಾಸಾಬ ಕೂಗಾಡಿದ. “ನೀ ಯಾವಾಗ ಬರ್ತಿ?”

“ನಾನೂ ಈಗಽ ಬರಂಗಿಲ್ಲ. ಇನ್ನೂ ನೋಡೂದ ಭಾಳ ಐತಿ,” ಎಂದು ಲಗಮವ್ವ ಫೋನು ಇಟ್ಟಳು. ದಾನಮ್ಮ ಅವ್ವನ ಹೆಗಲಿಗೆ ಮುಖ ಒತ್ತಿ ನಕ್ಕಳು, ಅತ್ತಳು ಕೂಡ.

ಎಂಟು ದಿನ ಹೋಗಿ ತಿಂಗಳಾಯಿತು. ಕದ್ರಿಯ ಗುಡ್ಡ ಹತ್ತಿದೆವು, ಉಳ್ಳಾಲಕ್ಕೆ ಹೋದೆವು, ಮೀನು ತಿನ್ನದ ಲಗಮವ್ವ ಮೀನು ಮಾರುವವರೊಡನೆ ಹರಟೆ ಕಲಿತಳು. ಊರಿಗೆ ಹೊರಡುವ ದಿನ ನಮ್ಮನ್ನು ಬೆನೆಡಿಕ್ಟಾ ಬಾಯಿಯ ಜಗಲಿಯ ಗೂಡಿನಲ್ಲಿಟ್ಟಳು. “ಇವು ಇಲ್ಲೇ ಇರಲಿ ಬಾಯೇರ. ಬಂದಾಗ ಬೇಕಾಗ್ತಾವ.” ಮುಂದೆ ವರ್ಷವರ್ಷವೂ ಬಂದಳು. ನಡುವಿನ ದಿನಗಳಲ್ಲಿ ಬೆನೆಡಿಕ್ಟಾ ಬಾಯಿ ನಮ್ಮನ್ನು ಮೆಟ್ಟಿ ತೆಂಗಿನ ಬುಡಕ್ಕೆ ನೀರು ಬಿಡುತ್ತಿದ್ದರು, ಮಳೆಗಾಲದಲ್ಲಿ ಬೂಷ್ಟು ಒರೆಸಿ ತೆಂಗಿನೆಣ್ಣೆ ಹಚ್ಚುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ಉಪ್ಪು ನನ್ನ ಹೊಲಿಗೆ ತಿಂದಿದೆ, ಹೆಬ್ಬೆರಳಿನ ಉಂಗುರ ಕಿತ್ತಿದೆ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ನೀರು ನನ್ನನ್ನು ಕೆಡಿಸಿತು. ಆದರೆ ಒಣಗಿದ ಮೂಲೆಯಲ್ಲಿ ನೂರು ವರ್ಷ ಬಾಳುವುದಕ್ಕಿಂತ ಹೀಗೆ ಕೆಟ್ಟದ್ದೇ ನನಗೆ ಇಷ್ಟ.

ಇವತ್ತು ಬೆಳಿಗ್ಗೆ ಗೇಟು ಕಿರುಗುಟ್ಟಿತು. ಲಗಮವ್ವ ಬಂದಿದ್ದಾಳೆ, ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ. ಜೊತೆಗೆ, ಇಷ್ಟು ವರ್ಷ ಗಿರಣಿ ಬಿಟ್ಟು ಕದಲದ ಅಪ್ಪಾಸಾಬ. ಬೆನೆಡಿಕ್ಟಾ ಬಾಯಿ, “ಕೂತುಕೊಳ್ಳಿ, ಚಾ ಮಾಡುವ,” ಎಂದು ಒಳಗೆ ಹೊರಟರು. ಅಪ್ಪಾಸಾಬ ಉಸ್ಸೆಂದು ಜಗಲಿಯ ಮೇಲೆ ಕೂತ.

“ಏಳ್ರಿ, ಏಳ್ರಿ,” ಎಂದು ಲಗಮವ್ವ ಅವನ ರಟ್ಟೆ ಹಿಡಿದೆಬ್ಬಿಸಿದಳು. “ಚಾ ಆಮ್ಯಾಲೆ. ದೋಣಿ ಹೋಗಿಬಿಡ್ತೈತಿ!”