ಪಂಚೆ ಹಿಡಿದವಳು

“ನಿನ್ನ ಕೈ ಮುರಿಯ! ಒದ್ದೆ ಕೈಲಿ ಫೋಟೋ ಮುಟ್ತೀಯಲ್ಲೇ ಕನ್ನೀ? ಅರವತ್ತು ವರ್ಷದ ಫೋಟೋ ಅದು!”

ಗಜಾನನ ಹೆಗಡೆ ಗದರಿದ. ಕನ್ನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳೇ ಹೊರತು ಮೇಜಿನ ಹತ್ತಿರದಿಂದ ಸರಿಯಲಿಲ್ಲ. ಅವಳಿಗೂ ಅಷ್ಟೇ ವಯಸ್ಸು. ಹೆಗಡೆ ಅವಳ ಕಣ್ಣೆದುರು ಅಂಬೆಗಾಲಿಟ್ಟವನು.

ಮಾರನೆಯ ದಿನ ಶಾಲೆಯಲ್ಲಿ ‘ನಮ್ಮೂರು ಅಂದು’ ಪ್ರದರ್ಶನ. ಹಳೆಯ ಫೋಟೋಗಳೆಲ್ಲ ಹೆಗಡೆಯ ಮನೆಯ ಪೆಟ್ಟಿಗೆಯಿಂದಲೇ ಬಂದಿದ್ದವು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಕನ್ನಮ್ಮ ಶಾಲೆಯ ನೆಲ ಒರೆಸಲು ಬಂದವಳು.

ಅಂಗೈಯಗಲದ ಆ ಫೋಟೋದಲ್ಲಿ ಹೆಗಡೆಯ ಅಜ್ಜ ಕುರ್ಚಿಯಲ್ಲಿ ಕೂತಿದ್ದ. ಸುತ್ತ ಮನೆಮಂದಿ, ಪಕ್ಕದಲ್ಲೊಂದು ಹಸು. ಹಿಂದಿನ ಮಸಿಗೋಡೆ ಕಾಣದ ಹಾಗೆ ಬಿಳಿ ಪಂಚೆಯ ಬಲತುದಿ ಕಂಬಕ್ಕೆ ಕಟ್ಟಿ ಅಡ್ಡ ಹಿಡಿಸಿದ್ದರು. ಪಂಚೆಯ ಎಡ ಅಂಚಿನಲ್ಲಿ ನಾಲ್ಕು ಬೆರಳು. ತೋರುಬೆರಳಿಗೆ ತುದಿಯಿಲ್ಲ, ಅಡಿಕೆ ಸುಲಿಯುವಾಗ ಕತ್ತಿಗೆ ಹೋದದ್ದು.

ಅವ್ವ ಹೇಳುತ್ತಿದ್ದಳು: “ನೀ ಹೊಟ್ಟೇಲಿದ್ದೆ ಕಣೇ. ಪಂಚೆ ಹಿಡ್ಕಂಡು ನಿಂತು ಕೈ ಸೋತು ಹೋಗಿತ್ತು. ಒಂಚೂರು ಇಳಿದ್ರೆ ‘ಎತ್ತೇ ಲೌಡಿ’ ಅಂತಿದ್ರು. ಮುಖ ಕಾಣಬಾರ್ದು ಅಂತ ಬಗ್ಗಿದ್ದೆ.”

ಹಿರಿಯರಿಗೆ ಎಡೆಯಿಡುವ ದಿನ ಬೇರೆಯವರು ಫೋಟೋಕ್ಕೆ ಹೂ ಮುಡಿಸುತ್ತಾರೆ. ಕನ್ನಮ್ಮ ಅವ್ವನ ಹಳೆ ಸೀರೆ ಮಡಚಿಟ್ಟು, ಅದರ ಮುಂದೆ ಅನ್ನ ಬಡಿಸುತ್ತಿದ್ದಳು. ಹೋದ ವರ್ಷ ಅದನ್ನೂ ಗೆದ್ದಲು ತಿಂದಿತ್ತು.

“ಹೆಗಡೇರೇ, ಇದು ನಮ್ಮವ್ವನ ಕೈ. ನಂಗೊಂದು ಕಾಪಿ ಕೊಡ್ಸಿ.”

ಹೆಗಡೆ ನಕ್ಕುಬಿಟ್ಟ. “ಮುಖವೇ ಇಲ್ವಲ್ಲೇ! ಬೆರಳಿಗೆ ಹಾರ ಹಾಕ್ತೀಯಾ?”

ಫೋಟೋಗಳ ಅಡಿಗೆ ಅಂಟಿಸುವ ಚೀಟಿ ಬರೆಯುತ್ತಿದ್ದ ಅವನ ಮಗಳು ದೀಪ್ತಿ ತಲೆಯೆತ್ತಿದಳು. “ಅಪ್ಪಯ್ಯ, ಒಂದು ಕಾಪಿ ತೆಗ್ಸಿ ಕೊಡ್ಲಕ್ಕು.”

“ನೀ ಸುಮ್ನಿರು. ಇವತ್ತು ಇದು ಬೆರಳು ಕೇಳ್ತು, ನಾಳೆ ಜಾಗ ಕೇಳ್ತು.” ಹೆಗಡೆ ಕನ್ನಮ್ಮನಿಗೆ ಗೋಡೆ ತೋರಿಸಿದ. “ನೋಡಲ್ಲಿ. ರಿಪ್ಪನ್‌ಪೇಟೆಗೆ ಹೋಗಿ ದೊಡ್ಡದು ಮಾಡ್ಸಿದೀನಿ. ಬೇಡದ್ದೆಲ್ಲ ಕಂಪ್ಯೂಟರಲ್ಲಿ ತೆಗ್ಸಿದೀನಿ.”

ದೊಡ್ಡ ಫೋಟೋದಲ್ಲಿ ಬೆರಳಿರಲಿಲ್ಲ. ಪಂಚೆ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ನಿಂತಿತ್ತು.

“ಅಡೀಲಿ ಎಂತ ಬರ್ದೀರಿ ತಂಗೀ?”

ದೀಪ್ತಿ ತಡವರಿಸಿ ಓದಿದಳು. ಅಜ್ಜ, ಅಜ್ಜಿ, ಮಕ್ಕಳ ಹೆಸರು. ಕೊನೆಯಲ್ಲಿ, “ಹಸು ಗೌರಿ.”

“ನಮ್ಮವ್ವಂಗೂ ಹೆಸರಿತ್ತು,” ಎಂದಳು ಕನ್ನಮ್ಮ. “ಚೌಡಿ ಅಂತ.”

ದೀಪ್ತಿ ಪೆನ್ನಿನ ಮುಚ್ಚಳ ಹಾಕಿದಳು. ಹೆಗಡೆ ಫೋನು ಬಂತೆಂದು ಆಚೆ ತಿರುಗಿದ.

ಚೀಟಿ ಕತ್ತರಿಸುವ ಕತ್ತರಿ ಮೇಜಿನ ಮೇಲೇ ಇತ್ತು. ಕನ್ನಮ್ಮ ಹಳೆಯ ಫೋಟೋ ಎತ್ತಿಕೊಂಡು, ಹಸುವಿನ ಬಾಲಕ್ಕೂ ತಾಗದ ಹಾಗೆ, ಎಡ ಅಂಚನ್ನು ಮೇಲಿಂದ ಕೆಳಗಿನವರೆಗೆ ಕತ್ತರಿಸಿದಳು.

“ಏ ಮುಂಡೆ! ಎಂತ ಮಾಡ್ದೆ!”

“ನೀವು ಅಳ್ಸಿದ್ದನ್ನೇ ತಗಂಡೆ. ನಿಮ್ಮೋರು ಒಬ್ರನ್ನೂ ಮುಟ್ಲಿಲ್ಲ. ಹಸೂನೂ ಅಲ್ಲೇ ಐತೆ, ಎಣಿಸ್ಕಳಿ.”

“ಇನ್ನು ಈ ಬಾಗ್ಲಿಗೆ ಕಾಲಿಟ್ರೆ ಪೊಲೀಸರಿಗೆ ಹಿಡ್ಸಿಕೊಡ್ತೀನಿ!”

ಬಕೆಟ್ಟನ್ನು ಅಲ್ಲೇ ಬಿಟ್ಟು ಅವಳು ಹೊರಬಿದ್ದಳು. ದಾರಿಯ ಮೋರಿಕಟ್ಟೆಯ ಮೇಲೆ ಕೂತು ಮುಷ್ಟಿ ಬಿಚ್ಚಿದಳು. ತುಂಡು ಬೆವರಿಗೆ ಮೆತ್ತಗಾಗಿತ್ತು. ಅವ್ವನ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ನೀವಿದಳು.

“ಫೋಟೋ ತೆಗ್ದಾತು. ಇನ್ನಾದ್ರೂ ಕೈ ಬಿಡವ್ವಾ, ನೋಯ್ತದೆ.”

ಬೆರಳುಗಳು ಪಂಚೆಯನ್ನು ಬಿಗಿಯಾಗಿ ಹಿಡಿದೇ ಇದ್ದವು.